ಇಲ್ಲ ಅನ್ನದ ಊರಿನ ಕರೆಂಟು

ಕಾಲು ಆಡಿಸಬ್ಯಾಡ, ಸುಮ್ನೆ ಮಲಕ್ಕೋ, ಹೇಳ್ತೀನಿ. ರಾಜರ ಕಾಲ ಹೋಗಿ ಕರೆಂಟಿನ ಕಾಲ ಬಂದಾಗ, ಕಾಲುವೆ ಆಚೆ ದಿಬ್ಬದ ಮೇಲೆ ಸೊಡರಕೊಪ್ಪಲು ಅಂತ ಒಂದು ಪುಟ್ಟ ಊರಿತ್ತಂತೆ. ಆ ಊರಲ್ಲಿ ಯಾರ ಬಾಯಲ್ಲೂ ಇಲ್ಲ ಅನ್ನೋ ಮಾತೇ ಬರ್ತಿರಲಿಲ್ಲವಂತೆ. ಮನೇಲಿ ರಾಗಿ ತೀರಿದ್ರೆ ರಾಗಿ ಹೆಚ್ಚಿತು ಅನ್ನೋರಂತೆ, ಬಳೆ ಒಡೆದ್ರೆ ಬಳೆ ಹೆಚ್ಚಿತು ಅನ್ನೋರಂತೆ, ದೀಪ ಆರಿಸು ಅನ್ನಬಾರದು ಅಂತ ದೀಪ ದೊಡ್ಡದು ಮಾಡು ಅನ್ನೋರಂತೆ. ಕೆಟ್ಟ ಮಾತು ಆಡಿದ್ರೆ ಲಕ್ಷ್ಮಿ ಎದ್ದು ಹೋಗ್ತಾಳೆ ಅಂತ ಭಯ ಅವರಿಗೆ.

ಆ ಊರಿಗೆ ಹೊಳೆ ಆಚೆಯಿಂದ ಚಲುವಿ ಅನ್ನೋಳು ಸೊಸೆಯಾಗಿ ಬಂದ್ಲಂತೆ. ಅವಳದು ನೆಟ್ಟನೆ ಬಾಯಿ. ಬಂದ ದಿನವೇ, ಅತ್ತೇ, ದೀಪ ಆರಿಸ್ಲಾ ಅಂತ ಕೇಳಿಬಿಟ್ಲಂತೆ. ಅತ್ತೆ ಕೆಂಪಾಜಮ್ಮ ಎರಡೂ ಕಿವಿ ಮುಚ್ಕೊಂಡು, ಶಿವಶಿವಾ, ಎಂಥಾ ಮಾತಾಡ್ತೀಯೇ ಹೆಣ್ಣೇ ಅಂತ ಮೂರು ದಿನ ಗೊಣಗಿದ್ಲಂತೆ. ಅವತ್ತಿಂದ ಚಲುವಿ ಬಾಯಿಗೆ ಬೀಗ ಹಾಕ್ಕೊಂಡ್ಲಂತೆ.

ಊರಿಗೆ ಕರೆಂಟು ಬಂದಾಗ ಮನೆಗೊಂದೇ ಬಲ್ಬು. ಅಷ್ಟಕ್ಕೆ ಸಾಕಾಗೋ ಹಂಗೆ ಊರ ಬಾಗಿಲಲ್ಲಿ ಒಂದು ಪುಟಾಣಿ ಟೀಸಿ, ಅದೇ ಟ್ರಾನ್ಸ್‌ಫಾರ್ಮರು, ಕೂರಿಸಿದ್ರಂತೆ. ಆಮೇಲೆ ರಾಗಿ ಗಿರಣಿ ಬಂತು, ಆಮೇಲೆ ಮಿಕ್ಸಿ ಬಂತು, ಟೀವಿ ಬಂತು, ಫ್ಯಾನು ಬಂತು, ಕುಡಿಯೋ ನೀರಿಗೆ ಟ್ಯಾಂಕು ಕಟ್ಟಿ ಬೋರಿಗೆ ಮೋಟರು ಇಳಿಸಿದ್ರು. ಊರು ಬೆಳೀತು, ಟೀಸಿ ಮಾತ್ರ ಅದೇ. ತೊಟ್ಟಿಲ ಕೂಸಿಗೆ ಹೊಲಿಸಿದ ಅಂಗೀನ ಮದುವೆ ಗಂಡಿಗೆ ತೊಡಿಸಿದ್ರೆ ಹೆಂಗಿರುತ್ತೆ ಹೇಳು! ಹೊತ್ತು ಮುಳುಗಿದ್ರೆ ಬಲ್ಬು ಮಿಣುಕುಹುಳದಂಗೆ ಮಿಣಮಿಣ ಅಂತಿತ್ತಂತೆ. ಮೋಟರು ಗುಂಯ್ ಅಂತಿತ್ತೇ ಹೊರತು ಒಂದು ಹನಿ ನೀರು ಮೇಲಕ್ಕೆ ಎತ್ತುತಿರಲಿಲ್ಲವಂತೆ.

ಹೆಂಗಸರು ಕಾಲುವೆ ನೀರೇ ಹೊತ್ತು ತಂದ್ರು. ಚಲುವಿಗೆ ಸಣ್ಣಿ ಅಂತ ಮಗಳು, ಇನ್ನೂ ಅಂಬೆಗಾಲು. ಆ ನೀರು ಕುಡಿದು ಕೂಸಿಗೆ ಭೇದಿ ಹತ್ಕೊಂಡಿತಂತೆ. ಕುದಿಸಿ ಕೊಟ್ರೂ ನಿಲ್ಲಲಿಲ್ಲ. ನರ್ಸಮ್ಮ ಬಂದು ನೋಡಿ, ತಾಯೀ, ಈ ಕೂಸಿಗೆ ಕಾಲುವೆ ನೀರು ಮುಟ್ಟಿಸಲೇಬ್ಯಾಡ, ಬೋರಿನ ನೀರೇ ಕುಡಿಸು, ಇಲ್ದಿದ್ರೆ ಕೂಸು ಉಳಿಯಲ್ಲ ಅಂದ್ಲಂತೆ. ಬೋರು ಮನೆ ಮುಂದೇನೇ ಇದೆ, ನೀರೂ ಒಳಗೆ ತುಂಬಿದೆ. ಎತ್ತೋಕೆ ಕರೆಂಟಿಲ್ಲ, ನೋಡು.

ಆಮೇಲೆ ಕರೆಂಟಿನ ಸಾಹೇಬ ಜೀಪಲ್ಲಿ ಬಂದನಂತೆ. ಏನಪ್ಪಾ, ಕರೆಂಟು ಹೆಂಗಿದೆ ಅಂದನಂತೆ. ಬಂದಿದ್ದು ದೀಪ ಹಚ್ಚೋ ಹೊತ್ತು. ಆ ಹೊತ್ತಲ್ಲಿ ಇಲ್ಲ ಅನ್ನೋದು ಹೆಂಗೆ? ಊರ ಯಜಮಾನ ಜವನಪ್ಪ ಕೈ ಮುಗಿದು, ಸ್ವಾಮಿ, ನಮ್ಮೂರಲ್ಲಿ ಕರೆಂಟು ಹೆಚ್ಚಿ ಬಾಳ ದಿನ ಆಯ್ತು ಅಂದನಂತೆ. ಸಾಹೇಬನ ಮುಖ ಊರಗಲ ಆಯ್ತಂತೆ. ಹೆಚ್ಚಿದ್ಯಾ? ಒಳ್ಳೇದೇ ಆಯ್ತು ಬಿಡು ಅಂದು, ಅದೇ ಪುಟಾಣಿ ಟೀಸಿಯಿಂದ ಗುಡ್ಡದ ಕಲ್ಲು ಕ್ರಷರಿಗೆ ಲೈನು ಎಳೆಸಿದನಂತೆ. ಆ ಕ್ರಷರು ಯಾರದು ಗೊತ್ತಾ? ಅವನ ಬೀಗರದು! ನಂಗೆ ಈಗ್ಲೂ ಮೈ ಉರಿಯುತ್ತೆ.

ಕ್ರಷರು ಸುರುವಾದ ಮೇಲೆ ಮೋಟರು ಗುಂಯ್ ಅನ್ನೋದನ್ನೂ ಬಿಡ್ತಂತೆ. ಎರಡನೇ ಸಲ ಸಾಹೇಬ ಬಂದಾಗ ಜನ ಸುತ್ತ ನಿಂತು, ಬಲ್ಬು ತೋರಿಸಿ, ಮೋಟರು ತೋರಿಸಿ ಕಣ್ಣಲ್ಲೇ ಬೇಡಿಕೊಂಡ್ರಂತೆ. ಅವನು, ನೀವು ಬೇಕಾಬಿಟ್ಟಿ ಉರಿಸ್ತೀರಿ, ಅದಕ್ಕೇ ಹಿಂಗೆ, ಉಳಿಸೋದು ಕಲೀರಿ ಅಂದನಂತೆ. ಜವನಪ್ಪನಿಗೆ ಬೇಜಾರಾಗಿ, ಸ್ವಾಮಿ, ಹಂಗನ್ನಬ್ಯಾಡಿ, ಉಂಡ ಕೂಡ್ಲೇ ಮನೆಮನೇಲೂ ದೀಪ ದೊಡ್ಡದು ಮಾಡ್ತೀವಿ ಅಂದನಂತೆ. ಪಾಪ, ಎಷ್ಟು ಉಳಿಸ್ತೀವಿ ನೋಡಿ ಅಂತ ಹೆಮ್ಮೆಯಿಂದ ಅಂದಿದ್ದು ಅವನು. ಸಾಹೇಬ, ಓಹೋ, ದೊಡ್ಡದು ಬೇರೆ ಮಾಡ್ತೀರೋ ಅಂತ ರೇಗಿ, ಇನ್ಮೇಲೆ ಈ ಊರಿಗೆ ಅರ್ಧ ಹೊತ್ತು ಮಾತ್ರ ಕರೆಂಟು ಅಂತ ಅಪ್ಪಣೆ ಮಾಡಿ ಹೋದನಂತೆ. ಕ್ರಷರಿಗೆ ಅರ್ಧ ಹೊತ್ತಲ್ಲ ಮತ್ತೆ! ಅದು ಹಗಲೂ ರಾತ್ರಿ ಕಟಕಟ ಅಂತಾನೇ ಇತ್ತು.

ಆಮೇಲೆ ಒಂದಿನ ಢಂ ಅಂತ ಸದ್ದಾಯ್ತಂತೆ. ಟೀಸಿ ಸುಟ್ಟು ಎಣ್ಣೆ ಸುರೀತಾ ನಿಂತಿತ್ತಂತೆ. ಊರೆಲ್ಲ ಕತ್ತಲು. ಸಾಹೇಬ ಮೂರನೇ ಸಲ ಬಂದ, ಹಿಂದೆ ಒಂದು ಲಾರಿ. ಏನಾಯ್ತು ಅಂದನಂತೆ. ಜವನಪ್ಪ ಕಣ್ಣಲ್ಲಿ ನೀರು ತಂದ್ಕೊಂಡು, ಸ್ವಾಮಿ, ಟೀಸಿ ಹೆಚ್ಚಿತು ಅಂದನಂತೆ. ಸಾಹೇಬ ತಲೆ ಆಡಿಸಿ, ಹೆಚ್ಚಾದ ಟೀಸಿ ಇಲ್ಯಾಕೆ, ಲಾರಿಗೆ ಏರಿಸ್ರಪ್ಪಾ, ಬೇರೆಯೋರಿಗೆ ಆಗುತ್ತೆ ಅಂದುಬಿಟ್ಟನಂತೆ. ಬದಲಿಗೆ ಬೇರೆ ತಂದಿದ್ನಾ? ತಂದಿರಲಿಲ್ಲ. ಜನ ನೋಡ್ತಾ ನಿಂತಂಗೇ ಟೀಸಿ ಬಿಚ್ಚಿದ್ರಂತೆ.

ಚಲುವಿ ಸೊಂಟದ ಮೇಲೆ ಸಣ್ಣಿ ಬಾಡಿದ ಸೊಪ್ಪಿನಂಗೆ ಜೋತುಬಿದ್ದಿತ್ತು. ಅವಳು ಕೂಸನ್ನ ಎದೆಗೆ ಅವುಚಿಕೊಂಡ್ಲಂತೆ. ಸೀದಾ ಹೋಗಿ ಲಾರಿ ಮುಂದೆ ನಿಂತ್ಕೊಂಡು ಬಾಯಿ ಬಿಟ್ಲಂತೆ. ಇಲ್ಲ! ಕರೆಂಟು ಇಲ್ಲ! ನೀರು ಇಲ್ಲ! ಟೀಸಿ ಸುಟ್ಟುಹೋಗಿದೆ! ಹಿಂಗೇ ಆದ್ರೆ ನಾಳೆ ನನ್ನ ಮಗಳೂ ಇಲ್ಲ! ಅಂತ ಕೂಗಿದ್ಲಂತೆ. ಊರಿಗೂರೇ ಕಿವಿ ಮುಚ್ಕೊಂಡಿತಂತೆ. ಹೊತ್ತು ಮುಳುಗೋವಾಗ ಹಂಗನ್ನಬ್ಯಾಡ್ವೇ ಅಂತ ಯಾರೋ ಅಳೋಕೇ ಸುರು ಮಾಡಿದ್ರಂತೆ.

ಸಾಹೇಬ ನಗ್ತಾ, ಅಯ್ಯೋ, ನಂಗೇನಮ್ಮಾ ಗೊತ್ತು, ನಿಮ್ಮೋರೇ ಹೆಚ್ಚಿದೆ ಹೆಚ್ಚಿದೆ ಅಂದ್ರು ಅಂದನಂತೆ.

ಚಲುವಿ ಕೇಳಿದ್ಲಂತೆ, ಸ್ವಾಮಿ, ನಿಮ್ಮವ್ವನ ಕೈಯಲ್ಲಿ ಬಳೆ ಒಡೆದ್ರೆ ಅವರು ಏನಂತಿದ್ರು?

ಸಾಹೇಬ ಯೋಚನೆ ಮಾಡದೇ, ಬಳೆ ಹೆಚ್ಚಿತು ಅಂತಿದ್ರು ಅಂದುಬಿಟ್ಟನಂತೆ. ಅಂದಮೇಲೆ ನಾಲಿಗೆ ಕಚ್ಕೊಂಡನಂತೆ. ಅವನೂ ಈ ಸೀಮೆಯೋನೇ ಕಣೋ, ಇದೇ ರಾಗಿ ಮುದ್ದೆ ಉಂಡು ಬೆಳೆದೋನು! ಚಲುವಿ ಬಿಟ್ಲಾ? ಹಂಗಾದ್ರೆ ಸ್ವಾಮಿ, ಅವತ್ತು ಬಳೆ ಜಾಸ್ತಿಯಾಗಿದೆ ಅಂತ ಉಳಿದಿದ್ದನ್ನೂ ಬಿಚ್ಚಿಸಿ ಬೀಗರ ಮನೆಗೆ ಕಳಿಸಿದ್ರಾ ಅಂದ್ಲಂತೆ. ಸಾಹೇಬನ ಮುಖದಲ್ಲಿ ನಗು ಹೋಯ್ತಂತೆ. ಅವನಿಗೆ ಮೊದಲ ದಿನವೇ ಅರ್ಥ ಆಗಿತ್ತು. ಬೇಕಂತಲೇ ಕಿವುಡನಾಗಿದ್ದ.

ಆಗ ಗುಂಪಿನಿಂದ ಅತ್ತೆ ಕೆಂಪಾಜಮ್ಮ ಮುಂದಕ್ಕೆ ಬಂದ್ಲಂತೆ. ಬಂದು ಮೊಮ್ಮಗಳ ತಲೆ ಸವರಿ, ಹುಟ್ಟಿದಾಗಿನಿಂದ ಆಡದ ಮಾತನ್ನ ಆಡಿದ್ಲಂತೆ. ಇಲ್ಲ ಸ್ವಾಮಿ, ನಮ್ಮೂರಲ್ಲಿ ಏನೂ ಇಲ್ಲ. ಆಮೇಲೆ ಜವನಪ್ಪನೂ ಇಲ್ಲ ಅಂದ, ಆಮೇಲೆ ಮಕ್ಕಳು ಮರಿ ಎಲ್ಲಾ ಇಲ್ಲ ಇಲ್ಲ ಅಂತ ಲಾರಿ ಸುತ್ತ ಕೂತುಬಿಟ್ರಂತೆ. ಇಷ್ಟು ದಿನ ಹೊಟ್ಟೇಲಿ ಅದುಮಿಟ್ಟಿದ್ದ ಇಲ್ಲಗಳೆಲ್ಲಾ ಒಟ್ಟಿಗೇ ಈಚೆಗೆ ಬಂದ್ವಂತೆ. ಅಂಥಾ ಗದ್ದಲ, ಪೇಟೆಯ ದೊಡ್ಡ ಸಾಹೇಬನಿಗೂ ಕೇಳಿಸ್ತಂತೆ.

ಅವನು ಓಡಿ ಬಂದ. ಕ್ರಷರಿನ ಲೈನು ಕಿತ್ರು. ಚಿಕ್ಕ ಸಾಹೇಬನನ್ನ ಎತ್ತಂಗಡಿ ಮಾಡಿದ್ರು. ಹೊಸ ಕಂಬ, ಹೊಸ ತಂತಿ, ಊರಿನ ಅಳತೆಗೆ ತಕ್ಕ ದೊಡ್ಡ ಟೀಸಿ ಬಂತಂತೆ. ಮೋಟರು ಎದ್ದ ದಿನ ಟ್ಯಾಂಕಿನ ನಲ್ಲಿ ಧೋ ಅಂತ ಸುರೀತಂತೆ. ಚಲುವಿ ಮೊದಲ ಲೋಟ ನೀರು ಹಿಡಿದು ಸಣ್ಣಿ ಬಾಯಿಗೆ ಇಟ್ಲಂತೆ. ಕೂಸು ಕುಡಿದು ಕುಡಿದು, ವಾರದೊಳಗೆ ಎದ್ದು ಅಂಬೆಗಾಲಲ್ಲಿ ಕೋಳಿ ಅಟ್ಟಿಸಿಕೊಂಡು ಹೋಯ್ತಂತೆ.

ಊರೋರೂ ಸುಮ್ನೆ ಕೂರಲಿಲ್ಲವಂತೆ. ಈ ಟೀಸಿಯೂ ಸುಟ್ಟರೆ ಮತ್ತೆ ಅದೇ ಪಾಡು ಅಂತ, ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಮೋಟರು ಅಂತ ಸರದಿ ಮಾಡ್ಕೊಂಡ್ರಂತೆ. ಇಸ್ಕೂಲಿನ ಮಾಡಿನ ಮೇಲೆ ಬಿಸಿಲು ಹಿಡಿಯೋ ಸೋಲಾರು ಹಲಗೆ ಹಾಸಿದ್ರಂತೆ. ಬೇಡದ ಬಲ್ಬನ್ನೆಲ್ಲಾ ಆರಿಸೋರಂತೆ. ಬ್ಯಾಸಗೇಲಿ ಎಲ್ಲಾರ ಮನೇಲೂ ಫ್ಯಾನು ತಿರುಗಿ ಬೆಳಕು ಸೊರಗಿದಾಗ, ಕೆಂಪಾಜಮ್ಮ ತನ್ನ ಮನೇ ಬಲ್ಬಿನ ಸ್ವಿಚ್ಚು ಒತ್ತಿ ಆರಿಸಿಬಿಟ್ರೆ ಪಕ್ಕದ ಮನೇ ಬಲ್ಬು ಪಳಪಳ ಅನ್ನೋದಂತೆ. ನೋಡೇ ಚಲುವಿ, ದೊಡ್ಡದು ಮಾಡು ಅನ್ನೋ ನಮ್ಮ ಮಾತು ಸುಳ್ಳಲ್ಲ ಅಂತ ಬೀಗೋಳಂತೆ. ಚಲುವಿ ನಕ್ಕು, ಮನೇಲಿ ಅನ್ನಿ ಅತ್ತೆ, ಸಾಹೇಬರ ಮುಂದೆ ಮಾತ್ರ ಇಲ್ಲ ಅನ್ನೋದನ್ನ ಇಲ್ಲ ಅಂತಲೇ ಅನ್ನಿ ಅನ್ನೋಳಂತೆ.

ಅವರು ಅಲ್ಲಿ ತಣ್ಣಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೀವಿ, ಕತೆ ಹೆಚ್ಚಿತು ಕಂದ. ಎದ್ದು ಆ ಸ್ವಿಚ್ಚು ಒತ್ತು, ದೀಪ ದೊಡ್ಡದು ಮಾಡು.