ಹುಲಿಗೆವ್ವನ ಕೊರಳು

ಅದು ಯಾವ ಅರಸರ ಕಾಲವೋ, ನಮ್ಮ ಅಜ್ಜನಿಗೂ ತಿಳಿದಿರಲಿಲ್ಲ. ಹೊಳೆದಂಡೆಯ ಒಂದೂರಿನಲ್ಲಿ ಹುಲಿಗೆವ್ವ ಅಂತ ಒಬ್ಬಾಕೆ ಇದ್ದಳಂತೆ. ತೊಗಲುಗೊಂಬೆ ಆಡಿಸುವವರ ಮನೆಯ ಸೊಸೆ. ಗಂಡ ಕೇಶಪ್ಪ ತೆರೆಯ ಹಿಂದೆ ನಿಂತು ಗೊಂಬೆ ಕುಣಿಸುವುದು, ಪಕ್ಕದಲ್ಲಿ ಕೂತು ಈಕೆ ಮಾತು ಕೊಡುವುದು. ಒಂದೇ ಕೊರಳಲ್ಲಿ ರಾಜ ಗುಡುಗುತ್ತಿದ್ದನಂತೆ, ಕೂಸು ಅಳುತ್ತಿತ್ತಂತೆ, ಗಿಳಿ ಉಲಿಯುತ್ತಿತ್ತಂತೆ. ಆಕೆ ಹುಲಿಯಾಗಿ ಗರ್ಜಿಸಿದರೆ ಊರಾಚೆಯ ದನಗಳು ಕಣ್ಣಿ ಹರಿದುಕೊಂಡು ಓಡುತ್ತಿದ್ದವು ಅಂತಾರೆ. ದನಿ ಎಲ್ಲರಿಗೂ ಗೊತ್ತು, ಮುಖ ಕಂಡವರು ಕಡಿಮೆ.

ಆ ಗೊಂಬೆಗಳಲ್ಲಿ ಕಾಡುಪಾಲಾದ ರಾಣಿಯದೊಂದು. ಅತ್ತೆ ಸಾಯುವಾಗ ಹುಲಿಗೆವ್ವನ ಕೈಗಿಟ್ಟದ್ದು. ಕಾಡಿನಲ್ಲಿ ದಾರಿಹೋಕ ಸಿಕ್ಕರೆ ರಾಣಿ ತನ್ನ ಕಷ್ಟ ಹೇಳುವುದಿಲ್ಲ, "ಅಣ್ಣಾ, ನನ್ನ ತವರಿನಾಗ ಎಲ್ಲಾರೂ ಉಂಡಾರೇನು?" ಅಂತ ಕೇಳುತ್ತಾಳೆ. ಹೆಂಗಸರು ಸೆರಗು ಕಣ್ಣಿಗೊತ್ತುತ್ತಿದ್ದರಂತೆ. ಮರುದಿನ ಬೀಸುವ ಕಲ್ಲಿನ ಮುಂದೆಯೂ ಅವರ ಬಾಯಲ್ಲಿ ಅದೇ ಮಾತು, ಅದೇ ಎಳೆತ.

ಆ ಮನೆತನದಲ್ಲಿ ಒಂದು ಕಟ್ಟು ಇತ್ತು. ತೆರೆಗೆ ಬಂದ ಗೊಂಬೆ ಮಾತಾಡದೆ ಇಳಿಯಬಾರದು. ಇಳಿದರೆ ಅದರ ಜೀವ ಹೋದಂತೆ. ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಡಬೇಕು.

ನಲವತ್ತು ವರ್ಷ ಹೀಗೇ ನಡೆಯಿತು. ಒಂದು ಸುಗ್ಗಿಯಲ್ಲಿ ಹುಲಿಗೆವ್ವನ ಕೊರಳು ಕಟ್ಟಿತು. ಮೆಣಸಿನ ಕಷಾಯ ಕುಡಿದಳು, ದೇವರಿಗೆ ಹರಕೆ ಹೊತ್ತಳು, ಗಂಡನಿಗೆ ಬರೀ ನೆಗಡಿ ಅಂದಳು. ವರ್ಷಾವರ್ಷ ಆಡುತ್ತಿದ್ದ ಪಕ್ಕದೂರಿನಲ್ಲಿ ಆಟದ ದಿನ ರಾಜ ಹೇಗೋ ದಾಟಿದ, ಗಿಳಿಯೂ ದಾಟಿತು. ರಾಣಿ ತೆರೆಗೆ ಬಂದಳು. ಹುಲಿಗೆವ್ವ ಬಾಯಿ ತೆರೆದರೆ ಬಂದದ್ದು ಬರೀ ಗಾಳಿ.

"ಮಾತು ಕೊಡ, ಹುಲಿಗೀ," ಅಂತ ಕೇಶಪ್ಪ ಪಿಸುಗುಟ್ಟಿದ. ಆಕೆ ಆಗದೆಂದು ತಲೆಯಾಡಿಸಿದಳು. ಅತ್ತೆಯ ಗೊಂಬೆ ತನ್ನ ಕಾಲಕ್ಕೇ ಹೊಳೆ ಕಾಣಬೇಕಾಯಿತಲ್ಲ ಶಿವನೇ ಅಂತ ಎದೆ ಬಿರಿಯಿತು. ಕೇಶಪ್ಪ ರಾಣಿಯನ್ನು ಇಳಿಸದೆ ತೆರೆಯ ಮೇಲೆ ಅತ್ತಿತ್ತ ಆಡಿಸುತ್ತಲೇ ಇದ್ದನಂತೆ.

"ರಾಣೀಗೆ ಹಲ್ಲುಬ್ಯಾನಿ ಬಂತೇನ್ರೋ!" ಅಂತ ಮುಂದೆ ಕೂತವನೊಬ್ಬ ನಕ್ಕ.

"ಬಾಯಿ ಮುಚ್ಚಲೇ ಮೂಳ," ಅಂತ ಕಂಬಳಿ ನೇಯುವ ಮಾಳವ್ವ ಗದರಿದಳು. ಗದರಿದವಳೇ ಕೂತಲ್ಲಿಂದ ದನಿ ತೆಗೆದಳು: "ಅಣ್ಣಾ, ನನ್ನ ತವರಿನಾಗ..."

ಪಕ್ಕದವಳು ದನಿಗೂಡಿಸಿದಳು, ಹಿಂದಿನ ಸಾಲಿನವರೂ ಕೂಡಿದರು. "ಎಲ್ಲಾರೂ ಉಂಡಾರೇನು?" ಅಂತ ಊರ ಹೆಂಗಸರೆಲ್ಲ ಕೇಳಿದರು. ಅದೇ ಎಳೆತ, ಅದೇ ಉಸಿರು. ಹುಲಿಗೆವ್ವ ತನ್ನ ದನಿಯನ್ನು ಕಿವಿಯಾರೆ ಕೇಳಿದ್ದು ಅವತ್ತೇ ಮೊದಲಂತೆ.

ರಾಣಿ ಉಳಿದಳು. ಹುಲಿಗೆವ್ವ ತೆರೆ ಸರಿಸಿ ಮುಂದೆ ಬಂದು, ಕೂತ ಜನರಿಗೆ ನೆಲಮುಟ್ಟಿ ಶರಣೆಂದಳು. ಮಾಳವ್ವ ಬಗ್ಗಿ ನೋಡಿದಳು.

"ಯವ್ವಾ, ಇಷ್ಟ ಸಣ್ಣ ಮೈಯಾಕಿ ಅದೀಯೇನು? ಏಳು, ಮೊದಲು ನೀ ಉಂಡೀಯೋ ಇಲ್ಲೋ ಹೇಳು."

ಈಗಲೂ ಆ ಊರಿನಲ್ಲಿ ಆಟವಾದರೆ, ರಾಣಿ ತೆರೆಗೆ ಬಂದ ಕೂಡಲೇ ಒಳಗಿನವರು ಸುಮ್ಮನಾಗುತ್ತಾರೆ. ಆ ಮಾತನ್ನು ಮುಂದೆ ಕೂತ ಹೆಂಗಸರೇ ಕೇಳುತ್ತಾರೆ. ಕೇಳಿ, ಮನೆಯಿಂದ ತಂದ ರೊಟ್ಟಿಯ ಗಂಟನ್ನು ತೆರೆಯ ಹಿಂದಕ್ಕೆ ಚಾಚುತ್ತಾರೆ. ಒಳಗಿನವರು ಉಂಡ ಮೇಲೆಯೇ ಆಟ ಮುಂದೆ ಸಾಗುವುದು.