ಜೇಡಮ್ಮನ ಮುದ್ರೆ

ಕಾಡಿಗೆ ಕಾಡೇ ಕೆಮ್ಮುತ್ತಿದ್ದ ವರ್ಷ ನಡೆದದ್ದಿದು. ಸುಳ್ಳೆನಿಸಿದರೆ ಸತ್ತವರನ್ನೇ ಕೇಳಿ ನೋಡಿ. ಬಟ್ಟೆ ವ್ಯಾಪಾರದ ಜೇಡಮ್ಮನಿಗೆ ಎಲ್ಲರಿಗೂ ಬಿಟ್ಟಿ ಮಾಸ್ಕ್ ನೇಯ್ದು ಹಂಚುವ ಮನಸ್ಸಾಯಿತು. ಕೈ ಹಾಕುವ ಮುನ್ನ ಹಿಂದುಮುಂದು ತೂಗಿ ನೋಡಲು ಗೋಡೆಯ ಹಲ್ಲಿರಾಯನನ್ನು ಕರೆದಳು.

"ರಾಯರೇ, ಇರುವ ನೂಲೆಲ್ಲ ಖಾಲಿಯಾಗುತ್ತೆ, ಅದೊಂದು ಭಯ. ಆದರೆ ಪ್ರತಿ ಮಾಸ್ಕಿನ ಮೇಲೂ ನನ್ನ ಎಂಟು ಕಾಲಿನ ಮುದ್ರೆ ನೇಯ್ದರೆ, ರೋಗ ಹೋದ ಮೇಲೂ ಕಾಡು ನನ್ನನ್ನು ಮರೆಯೋದಿಲ್ಲ."

ಹಲ್ಲಿರಾಯ ಲೊಚಗುಟ್ಟಿದ. ನಿಜವಾಗುವ ಮಾತಿಗೆ ಮಾತ್ರ ಲೊಚಗುಟ್ಟುವುದು ಅವನ ಮನೆತನದ ಕಸುಬು. ಜೇಡಮ್ಮ ಹಿಗ್ಗಿಹೋದಳು.

"ಪೂರ್ತಿ ಕೇಳಮ್ಮ," ಎಂದ ರಾಯ. "ಮುದ್ರೆಗೂ ಮಾಸ್ಕಿನಷ್ಟೇ ನೂಲು ಬೇಕು. ಅರ್ಧ ಕಾಡಿಗೆ ಮಾಸ್ಕೇ ಸಿಗೋದಿಲ್ಲ."

"ಮುದ್ರೆ ಇಲ್ಲದೆ ಕೊಟ್ಟರೆ, ಕೊಟ್ಟವಳು ನಾನೇ ಅಂತ ನೀವು ಡಂಗುರ ಹೊಡೀತೀರಾ?" ಎಂದು ನಕ್ಕು ಜೇಡಮ್ಮ ನೇಯಲು ಕೂತಳು. ಮೊಲಗಳ ಸರದಿ ಬರುವ ಹೊತ್ತಿಗೆ ನೂಲು ಮುಗಿಯಿತು.

ರೋಗ ಕಳೆಯಿತು. ಬದುಕುಳಿದವರು ಮಾಸ್ಕನ್ನು ಮುದ್ರೆ ಸಮೇತ ಹೊಳೆಗೆಸೆದು ಮರೆತರು.

ಒಂದು ಮಟಮಟ ಮಧ್ಯಾಹ್ನ ಜೇಡಮ್ಮನ ಅಂಗಡಿ ಮುಂದೆ ಸಾಲು ನಿಂತಿತು: ಮೊಲಗಳು, ಮುಂಗುಸಿಗಳು, ನವಿಲುಗಳು. ಸುಡುಬಿಸಿಲಿದ್ದರೂ ಯಾರಿಗೂ ನೆರಳಿರಲಿಲ್ಲ. ಯಾರೂ ಕೆಮ್ಮಲಿಲ್ಲ, ಕೆಮ್ಮಲು ಉಸಿರೇ ಇರಲಿಲ್ಲ.

"ಮಾಸ್ಕ್ ಮುಗಿದಿದೆಯಪ್ಪ," ಎಂದಳು ಜೇಡಮ್ಮ.

"ಮಾಸ್ಕ್ ನಮಗಿನ್ನೇಕೆ ತಾಯಿ?" ಎಂದಿತು ಮುಂದೆ ನಿಂತ ಮುದಿ ಮೊಲ, ಬಲು ವಿನಯದಿಂದ. "ನಮ್ಮ ಪಾಲಿನ ನೂಲಲ್ಲಿ ಮುದ್ರೆ ಮಾಡಿದಿರಂತಲ್ಲ, ಅದನ್ನು ನಮ್ಮ ಮೈಮೇಲೂ ಹಾಕಿಬಿಡಿ. ಇದು ನಿಮ್ಮದೇ ಕೆಲಸ ಅಂತ ಎಲ್ಲರಿಗೂ ಗೊತ್ತಾಗಲಿ."