ಎಡಕ್ಕೆ ತಿರುಗಿದರೆ ಬಾಲ ಬೀಸುವ ಕೆಂಪು ಮೋಟಾರು

"ಹುಲಿಗುಡ್ಡ ಸಂಸ್ಥಾನದ ಪ್ರಜೆಗಳೆಲ್ಲ ಕಿವಿಗೊಟ್ಟು ಕೇಳಿ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಕೆಂಪು ರೇಸು ಮೋಟಾರು ನರಿಕಲ್ಲು ತಿರುವಿನಲ್ಲಿ ಬಾಲ ಬೀಸಿ ಅವರನ್ನು ಕಣಿವೆಗೆ ಕೆಡವುವುದರಲ್ಲಿತ್ತು. ಆ ಬಗ್ಗೆ ಅಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅಮ್ಮಣ್ಣಿಯವರನ್ನು ಕೊಟ್ಟು ಮದುವೆ, ಜೊತೆಗೆ ಮೋಟಾರುಖಾನೆಯ ಯಜಮಾನಿಕೆ. ಒಂದು ತಪ್ಪಿದರೂ ತಲೆದಂಡ. ಮಗಳ ಪ್ರಾಣದ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳುವವನು ತನ್ನ ಪ್ರಾಣವನ್ನೂ ಪಣಕ್ಕಿಡಲಿ ಎಂದು ಮಹಾಸ್ವಾಮಿಯವರ ಅಪ್ಪಣೆ!"

ಡಂಗುರ ಕೇಳಿ ಊರೆಲ್ಲ ಮದುವೆಯ ಮಾತಾಡಿತು. ಗುರುಲಿಂಗಯ್ಯನ ಕಿವಿಗೆ ಬಿದ್ದದ್ದು ಮೋಟಾರುಖಾನೆ ಎಂಬ ಒಂದೇ ಮಾತು. ಇಪ್ಪತ್ತನಾಲ್ಕು ವರ್ಷದಿಂದ ಅಲ್ಲಿನ ಯಜಮಾನ ಅವನೇ. ಮಗಳನ್ನು ಯಾರಿಗಾದರೂ ಕೊಡಲಿ, ಅದು ಅರಮನೆಯ ವಿಚಾರ. ಮೋಟಾರನ್ನು ಹೇಗೆ ಕೊಟ್ಟಾರು? ಅಮ್ಮಣ್ಣಿಗೆ ಓಡಿಸಲು ಕಲಿಸಿದವನು ಅವನು. ಬಾಲ ಬೀಸುತ್ತದೆ ಎಂದು ಅವಳು ಮೊದಲು ಬಂದು ಹೇಳಿದ್ದೂ ಅವನಿಗೇ. "ಹಳೇ ಮೋಟಾರಲ್ಲವೇ ಅಮ್ಮಣ್ಣಿ, ವಯಸ್ಸಾದ ಮೇಲೆ ಹಾಗೇ" ಎಂದು ನಕ್ಕು ಕಳಿಸಿದ್ದ. ಅವಳು ಮತ್ತೆ ಕೇಳಲಿಲ್ಲ.

ಅರಮನೆಯ ಅಂಗಳದಲ್ಲಿ ಮೋಟಾರನ್ನು ನಿಲ್ಲಿಸಿದರು. ಎಣ್ಣೆಯ ಡಬ್ಬಿ ಹಿಡಿದು ಗುರುಲಿಂಗಯ್ಯ ಅದರ ಪಕ್ಕದಲ್ಲೇ ನಿಂತ. ಮೊದಲು ಬಂದವನು ನೆರೆಯ ಸಂಸ್ಥಾನದ ಯುವರಾಜ.

"ಬಲಕ್ಕೆ ತಿರುಗಿಸಿದರೆ ವಿನಯವಾಗಿ ತಿರುಗುತ್ತದೆ, ಎಡಕ್ಕೆ ತಿರುಗಿಸಿದರೆ ಬಾಲ ಬೀಸುತ್ತದೆ. ರಸ್ತೆ ಅದೇ, ವೇಗ ಅದೇ. ಯಾವುದರ ತಪ್ಪು?" ಎಂದು ಅಮ್ಮಣ್ಣಿ ಕೇಳಿದಳು.

"ಟೈರಿನ ಗಾಳಿಯದು" ಎಂದ ಯುವರಾಜ. ಗಾಳಿ ನಾಲ್ಕರಲ್ಲೂ ಸಮನಾಗಿತ್ತು. ಅವನನ್ನು ಸೆರೆಮನೆಗೆ ಎಳೆದೊಯ್ದರು. ಅಮಾವಾಸ್ಯೆಗೆ ತಲೆ ಹೋಗಬೇಕು. ವಿಲಾಯತಿಗೆ ಹೋಗಿ ಓದಿ ಬಂದ ಇಂಜಿನಿಯರ್ ಸ್ಟೀರಿಂಗಿನ ತಪ್ಪೆಂದ. ಅವನೂ ಯುವರಾಜನ ಪಕ್ಕದ ಕೋಣೆ ಸೇರಿದ. ಗುರುಲಿಂಗಯ್ಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

ಮೂರನೆಯವನು ಜವರ. ಪೇಟೆಯಲ್ಲಿ ಜಟಕಾ ಗಾಡಿ ರಿಪೇರಿ ಮಾಡುವ ಹುಡುಗ, ಮೊಣಕಾಲಿನ ತನಕ ಧೂಳು. ಬಂದವನೇ ಕೈಮುಗಿದು, "ಬುದ್ಧಿ, ಒಂದ್ ಗಳಿಗೆ ಮೋಟಾರಡೀಕ್ ಮಲಗ್ಲಾ?" ಎಂದ.

ಸಭೆ ಗೊಳ್ಳೆಂದಿತು. ಅರಸರ ಎದುರು ನೆಲಕ್ಕೆ ಬೆನ್ನು ಹಚ್ಚುವುದು ಹುಲಿಗುಡ್ಡದಲ್ಲಿ ಮಹಾ ಅವಮರ್ಯಾದೆ. ಆ ಭಯಕ್ಕೇ ಇಬ್ಬರು ಘನಂದಾರಿಗಳೂ ನಿಂತಲ್ಲಿಂದಲೇ ಉತ್ತರ ಕೊಟ್ಟಿದ್ದರು. ಮಹಾಸ್ವಾಮಿ ಮಗಳ ಮುಖ ನೋಡಿ ತಲೆಯಾಡಿಸಿದರು. ಜವರ ಮೋಟಾರಿನಡಿ ಜಾರಿ, ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಎರಡೂ ಕಮಾನು ಪಟ್ಟಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದ. ಎಡದ್ದು ಠಣ್ ಎಂದಿತು. ಬಲದ್ದು ಒಡಕು ಮಡಕೆಯ ಹಾಗೆ ಸದ್ದು ಮಾಡಿತು.

"ಬಲಗಡೆ ಕಮಾನಲ್ಲಿ ಒಂದು ಪಟ್ಟಿ ಸೀಳ್ಕಂಡದೆ ಅಮ್ಮಣ್ಣಿ. ಎಡಕ್ ತಿರುಗಿದ್ರೆ ಭಾರವೆಲ್ಲ ಬಲಕ್ ಬೀಳ್ತದೆ. ಹೊರೋ ಪಟ್ಟಿ ಮುರಿದೋದ್ರೆ ಗಾಡಿ ಅಚ್ಚಿನ ಮ್ಯಾಲೇ ಕೂತ್ಕತದೆ. ಚಕ್ರ ಜಾರ್ದೆ ಇನ್ನೇನ್ ಮಾಡಾತು?"

ಗುರುಲಿಂಗಯ್ಯನ ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. ಆ ಸುತ್ತಿಗೆ ತನ್ನ ಬಳಿಯೂ ಇತ್ತಲ್ಲ!

"ರಸ್ತೆಯಲ್ಲಿ ಗುಂಡಿ ಒಂದು, ಬೀಳುವ ಕುಲುಕು ಮೂರು. ಉಳಿದೆರಡು ಎಲ್ಲಿಂದ ಬಂದವು?" ಅಮ್ಮಣ್ಣಿಯ ದನಿಯಲ್ಲಿ ಈಗ ಆಸೆಯಿತ್ತು. ಇವನ ಕಡೆ ಹೀಗೆ ನೋಡುತ್ತಾಳಲ್ಲ ಎಂದು ಗುರುಲಿಂಗಯ್ಯ ಹಲ್ಲು ಕಡಿದ.

ಜವರ ಮೋಟಾರಿನ ಬೆನ್ನನ್ನು ಅದುಮಿ ಕೈ ಬಿಟ್ಟ. ಅದು ಏಳುತ್ತ ಬೀಳುತ್ತ ಮೂರು ಸಲ ಕುಣಿಯಿತು. "ಗುಂಡಿದು ಒಂದೇಯ. ಮಿಕ್ಕಿದ್ದು ಕಮಾನಿಂದೇ ಕುಣಿತ. ಅದುನ್ನ ಹಿಡಿದು ನಿಲ್ಸೋ ಶಾಕ್ ಅಬ್ಸಾರ್ಬರಲ್ಲಿ ಎಣ್ಣೆ ಸೋರಿ ಖಾಲಿಯಾಗ್ಬುಟ್ಟದೆ."

"ಕೊನೆಯದು. ನಾನು ಸ್ಟೀರಿಂಗ್ ಅಲುಗಿಸುವುದಿಲ್ಲ. ವೇಗದ ಪೆಡಲ್ ಒತ್ತಿದರೆ ಮೋಟಾರು ಒಂದು ಕಡೆ ಎಳೆಯುತ್ತದೆ, ಕಾಲು ತೆಗೆದರೆ ಇನ್ನೊಂದು ಕಡೆ. ಹಿಂದೆ ಕೂತು ನನ್ನ ಮೋಟಾರನ್ನು ತಿರುಗಿಸುತ್ತಿರುವವರು ಯಾರು?"

ಈ ಸಲ ಜವರ ಅಡಿಯಲ್ಲಿ ಬಹಳ ಹೊತ್ತಿದ್ದ. ಸಿಕ್ಕಿಬಿದ್ದ ಎಂದು ಗುರುಲಿಂಗಯ್ಯನಿಗೆ ಅನಿಸಿತು. ಆ ಎಳೆಯ ಕತ್ತನ್ನು ನೆನೆದಾಗ ಒಂದಿಷ್ಟೂ ಮರುಕ ಬರಲಿಲ್ಲ.

ಕಬ್ಬಿಣದ ಸಲಾಕೆಯಿಂದ ಮೀಟಿದಾಗ ಹಿಂದಿನ ಅಚ್ಚೇ ಬೆರಳಗಲ ಸರಿಯಿತು. ಕಮಾನಿನ ತುದಿಯನ್ನು ಬಿಗಿಹಿಡಿಯುವ ರಬ್ಬರ್ ಬುಷ್ ಕಿತ್ತು ಜವರ ಅಂಗೈಯಲ್ಲಿಟ್ಟು ತೋರಿಸಿದ. ಅದು ಕೊಳೆತ ಹಣ್ಣಿನಂತೆ ಮೆತ್ತಗಾಗಿತ್ತು. "ಇದು ಸಡಿಲ ಆದ್ರೆ ಹಿಂದಿನ ಚಕ್ರಗಳು ತಮಗ್ ತೋಚಿದ್ ಕಡೆ ಮುಖ ಮಾಡ್ತವೆ. ತಿರುಗಿಸ್ತಿರೋದು ಅವೇ. ಜಟಕಾ ಚಕ್ರಕ್ಕೂ ರಬ್ಬರ್ ಹಾಕ್ತೀವಿ ಅಮ್ಮಣ್ಣಿ. ಮೋಟಾರೆಣ್ಣೆ ತಾಗಿದ್ರೆ ಹಿಂಗೇ ಆಯ್ತದೆ."

"ರಬ್ಬರಿಗೆ ಎಣ್ಣೆ ಹಾಕಿದವನು ಯಾರು?" ಮಹಾಸ್ವಾಮಿ ಎದ್ದು ನಿಂತರು.

ಪ್ರತಿ ಶುಕ್ರವಾರ ಮೋಟಾರಿಗೆ ಅಭ್ಯಂಜನವೆಂದು ಕೀಲುಕೀಲಿಗೂ ಎಣ್ಣೆ ಎರೆದದ್ದು ಗುರುಲಿಂಗಯ್ಯನೇ. ಎಣ್ಣೆಯ ಡಬ್ಬಿ ಈಗಲೂ ಅವನ ಕೈಯಲ್ಲಿತ್ತು. ಜವರ ಡಬ್ಬಿ ನೋಡಿದ, ಕೂಡಲೇ ಬೇರೆ ಕಡೆ ತಿರುಗಿದ. "ಗೊತ್ತಿಲ್ಲ ಬುದ್ಧಿ. ಯಾರೋ ಪಿರೂತಿಯಿಂದ ಮಾಡವ್ರೆ."

ಗುರುಲಿಂಗಯ್ಯನಿಗೆ ತಡೆಯಲಾಗಲಿಲ್ಲ. ಒಗಟು ಗೆದ್ದದ್ದು ಸಾಲದೆಂದು ದೊಡ್ಡ ಮನಸ್ಸಿನಲ್ಲೂ ಇವನೇ ಗೆಲ್ಲುವುದೇ? "ನಾನೇ ಮಹಾಸ್ವಾಮಿ! ಎಣ್ಣೆ ಎರೆದವನು ನಾನು" ಎಂದು ಮುಂದೆ ಬಂದ.

"ವಯಸ್ಸಾದ ಮೇಲೆ ಹಾಗೇ ಎಂದಿರಿ" ಎಂದಳು ಅಮ್ಮಣ್ಣಿ ಮೆಲ್ಲಗೆ.

"ಹಾಗಾದರೆ ಅದೂ ತಪ್ಪು ಉತ್ತರವೇ" ಎಂದರು ಮಹಾಸ್ವಾಮಿ. ಭಟರು ಗುರುಲಿಂಗಯ್ಯನ ರಟ್ಟೆ ಹಿಡಿದರು.

ಜವರ ಅಡ್ಡಬಿದ್ದ. "ನಂಗ್ ಕೊಡೋದ್ರಲ್ಲಿ ಆ ಮೂರು ತಲೆನೂ ಉಳ್ಸಿ ಕೊಟ್ಬುಡಿ ಬುದ್ಧಿ. ಕಮಾನು ನಂಗೊತ್ತು, ಎಂಜಿನ್ನು ಗೊತ್ತಿಲ್ಲ. ಇವ್ರು ಹೋದ್ರೆ ಕಲ್ಸೋರ್ ಯಾರು?"

ಯುವರಾಜ, ಇಂಜಿನಿಯರ್, ಗುರುಲಿಂಗಯ್ಯ ಮೂವರೂ ಉಳಿದರು. ಕಮಾನು, ಬುಷ್ ಎಲ್ಲ ಹೊಸದಾದ ಮೇಲೆ ಅಮ್ಮಣ್ಣಿ ನರಿಕಲ್ಲು ತಿರುವನ್ನು ಎರಡು ಸಲ ಸುತ್ತಿ ಬಂದು, ಮದುವೆಗೆ ಮನಸಾರೆ ಒಪ್ಪಿದಳು.

ಮದುವೆಯ ಮರುದಿನ ಬೆಳಿಗ್ಗೆ ಹೊಸ ಯಜಮಾನ ಜರಿ ಪೇಟ ಸುತ್ತಿಕೊಂಡು ಮೋಟಾರುಖಾನೆಯ ಬಾಗಿಲಿಗೆ ಬಂದ. ಬಂದವನು ಹೊಸ್ತಿಲು ದಾಟದೆ ನಿಂತು, "ಒಳೀಕ್ ಬರ್ಲಾ ಗುರುಗಳೇ?" ಎಂದ.

ಗುರುಲಿಂಗಯ್ಯ ತಿರುಗಿ ನೋಡಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಬಾನೆಟ್ಟು ಎತ್ತಿ, ಬೇಕೆಂದೇ ಒಂದಷ್ಟು ಹೊತ್ತು ಕಾಯಿಸಿದ.

"ಪೇಟ ತೆಗೆದಿಟ್ಟು ಬಾ. ಮಸಿಯಾಗುತ್ತದೆ."